ನೀರಲ್ಲಿ ನಿಂತ ಭತ್ತಕ್ಕೂ ನೀರಡಿಕೆ

ಕಾರಟಗಿ ತಾಲ್ಲೂಕಿನ ಸಿದ್ದಾಪುರದ ಓದುಗರೊಬ್ಬರು ಕೇಳಿದ್ದಾರೆ: ‘ಗದ್ದ್ಯಾಗ ಪಾದ ಮುಳುಗುವಷ್ಟು ನೀರು ನಿಂತೈತ್ರಿ. ಆದ್ರೂ ನಾಟಿ ಮಾಡಿದ ಸಸಿ ನೀರಿಲ್ಲದಂಗ ಒಣಗಾಕತ್ತೈತಿ. ಯಾರದೋ ಕಣ್ಣು ಬಿದ್ದೈತಿ ಅಂತಾರ, ಖರೇನಾ?’

ಖರೆ ಅಲ್ಲ. ಬದುವಿನ ಮೇಲೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಎಲೆಯ ತುದಿ ಬೆಳ್ಳಗಾಗಿ, ಅಲಗು ಸುರುಳಿ ಸುತ್ತಿಕೊಂಡಿದ್ದರೆ ಅದು ಸವಳಿನ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ಕಣಜವಾಗಿಸಿತು. ಆದರೆ ನೀರು ಬಸಿದು ಹೋಗಲು ದಾರಿಯಿಲ್ಲದ ಕಪ್ಪು ನೆಲದಲ್ಲಿ ಅಂತರ್ಜಲ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಇಂಥ ಹೊಲಕ್ಕೆ ದೃಷ್ಟಿ ತೆಗೆಯಲೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಕಣ್ಣು ಬಿತ್ತೆಂದು ನಂಬಿ ಕೂತರೆ ಮಣ್ಣು ಪರೀಕ್ಷೆ ಮಾಡಿಸಬೇಕಾದ ಹೊತ್ತು ಕಳೆದೇಹೋಗುತ್ತದೆ.

ನಿಜವಾದ ಜಗ್ಗಾಟ ನಡೆಯುವುದು ಬೇರಿನ ಜೀವಕೋಶದ ಪೊರೆಯಲ್ಲಿ. ಅದನ್ನು ಕಣ್ಣಾರೆ ನೋಡಬೇಕೆ? ಕೆಂಪು ಉಳ್ಳಾಗಡ್ಡಿಯ ಬಣ್ಣದ ತೆಳುಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ಇಡಿ. ನೇರಳೆ ಬಣ್ಣ ತುಂಬಿದ ಕೋಣೆಗಳ ಸಾಲು ಕಾಣುತ್ತದೆ. ಒಂದು ಹನಿ ಗಟ್ಟಿ ಉಪ್ಪುನೀರು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೇರಳೆ ಭಾಗ ಗೋಡೆ ಬಿಟ್ಟು ಒಳಕ್ಕೆ ಮುದುಡುತ್ತದೆ. ಉಪ್ಪು ಒಳಗಿನ ನೀರನ್ನು ಹೊರಕ್ಕೆ ಎಳೆಯಿತು, ಬಣ್ಣ ಮಾತ್ರ ಒಳಗೇ ಉಳಿಯಿತು. ಆ ನೇರಳೆಯ ಅಂಚೇ ಪೊರೆ. ಬೇಗನೆ ಸಿಹಿನೀರಿನಲ್ಲಿ ತೊಳೆದರೆ ಕೋಶ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ! ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ.

ಒಂದು ಮಿಲಿಮೀಟರ್ ದಪ್ಪವಾಗಬೇಕಾದರೆ ಇಂಥ ಪೊರೆಗಳನ್ನು ಲಕ್ಷಕ್ಕೂ ಹೆಚ್ಚು ಪೇರಿಸಬೇಕು. ಅದು ಕೊಬ್ಬಿನ ಅಣುಗಳ ಎರಡು ಪದರ ಎಂಬುದನ್ನು 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ತಿಳಿದರು. ಆ ಪದರಗಳಲ್ಲಿ ಪ್ರೊಟೀನುಗಳು ತೇಲಾಡುತ್ತವೆ ಎಂಬ ಚಿತ್ರ ಕೊಟ್ಟವರು ಸಿಂಗರ್ ಮತ್ತು ನಿಕೋಲ್ಸನ್, 1972ರಲ್ಲಿ. ನೀರಿಗೆಂದೇ ಇರುವ ಪ್ರೊಟೀನ್ ಕಾಲುವೆಯನ್ನು ಗುರುತಿಸಿದವರು ಪೀಟರ್ ಆಗ್ರೆ.

ಪೊರೆಯೆಂದರೆ ಜರಡಿ, ಚಿಕ್ಕದು ತೂರುತ್ತದೆ, ದೊಡ್ಡದು ನಿಲ್ಲುತ್ತದೆ ಎಂದೇ ಬಹಳಷ್ಟು ಜನ ತಿಳಿದಿದ್ದಾರೆ. ಗಂಗಾವತಿಯ ಅಕ್ಕಿ ಗಿರಣಿಯ ಜರಡಿಯಲ್ಲಿ ನುಚ್ಚು ಕೆಳಗೆ ಬೀಳುತ್ತದೆ, ಇಡೀ ಅಕ್ಕಿ ಮೇಲೆ ಉಳಿಯುತ್ತದೆ. ಪೊಟ್ಯಾಸಿಯಂ ಕಾಲುವೆಯೆಂಬ ಪ್ರೊಟೀನಿನಲ್ಲಿ ಆಗುವುದು ಇದರ ತಿರುಗುಮುರುಗು. ಪೊಟ್ಯಾಸಿಯಂ ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ದೊಡ್ಡದು, ಉಪ್ಪಿನಲ್ಲಿರುವ ಸೋಡಿಯಂ ಚಿಕ್ಕದು. ಆದರೂ ದೊಡ್ಡದು ಸೆಕೆಂಡಿಗೆ ಕೋಟಿಗಟ್ಟಲೆ ದಾಟುತ್ತದೆ, ಚಿಕ್ಕದು ಹೊರಗೇ ನಿಲ್ಲುತ್ತದೆ. ಹತ್ತು ಸಾವಿರಕ್ಕೆ ಒಂದು ಸೋಡಿಯಂ ನುಸುಳಿದರೆ ಹೆಚ್ಚು!

ಇದರ ಗುಟ್ಟು ಬಯಲಾದದ್ದು 1998ರಲ್ಲಿ. ರಾಡರಿಕ್ ಮೆಕಿನನ್ ಅವರ ತಂಡ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಕಾಲುವೆಯ ಪರಮಾಣು ಮಟ್ಟದ ರಚನೆಯನ್ನು ಎಕ್ಸ್-ರೇ ಮೂಲಕ ಕಂಡಿತು. ನೀರಿನಲ್ಲಿರುವ ಅಯಾನಿನ ಸುತ್ತ ನೀರಿನ ಅಣುಗಳು ಬಿಗಿಯಾಗಿ ಅಂಟಿರುತ್ತವೆ. ಕಾಲುವೆಯ ಇಕ್ಕಟ್ಟಿಗೆ ಇಳಿಯಲು ಅವನ್ನು ಕಳಚಬೇಕು, ಕಳಚಲು ಶಕ್ತಿ ಬೇಕು. ಕಾಲುವೆಯ ಒಳಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂಗೆ ಸರಿಯಾಗಿ ಹೊಂದುವ ಅಂತರದಲ್ಲಿದ್ದು, ಕಳಚಿದ ನೀರಿನ ಜಾಗವನ್ನು ತಾವೇ ತುಂಬುತ್ತವೆ. ಹಾಗಾಗಿ ಅದಕ್ಕೆ ನಷ್ಟವಿಲ್ಲ. ಚಿಕ್ಕ ಸೋಡಿಯಂಗೆ ಆ ಗೋಡೆ ದೂರವಾಗುತ್ತದೆ. ನೀರು ಬಿಟ್ಟುಕೊಟ್ಟದ್ದಕ್ಕೆ ಪ್ರತಿಫಲ ಸಿಗದು. ಅದು ಹೊರಗೆ ನೀರಿನಲ್ಲೇ ಉಳಿಯುತ್ತದೆ. ಆಯ್ಕೆ ಮಾಡುವುದು ಕಾವಲುಗಾರನೂ ಅಲ್ಲ, ಕದವೂ ಅಲ್ಲ, ಪರಮಾಣುಗಳ ನಡುವಿನ ಅಂತರ. ಆಗ್ರೆ ಮತ್ತು ಮೆಕಿನನ್ ಇಬ್ಬರೂ 2003ರ ರಸಾಯನವಿಜ್ಞಾನ ನೊಬೆಲ್ ಹಂಚಿಕೊಂಡರು.

ಹಾಗಿದ್ದರೆ ಭತ್ತ ಏಕೆ ಒಣಗುತ್ತದೆ? ಮಣ್ಣಿನ ನೀರಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ಮೇಲಾಗಿ ಬೇರಿನಲ್ಲಿ ಇಷ್ಟು ಕಟ್ಟುನಿಟ್ಟಲ್ಲದ ಬೇರೆ ದಾರಿಗಳೂ ಇವೆ. ಅವುಗಳಿಂದ ನುಸುಳಿದ ಸೋಡಿಯಂ ನೀರಿನ ಜತೆ ಎಲೆಗೆ ಏರಿ ಪೊಟ್ಯಾಸಿಯಂ ಮಾಡಬೇಕಾದ ಕೆಲಸ ಕೆಡಿಸುತ್ತದೆ. ಎಳೆಯ ಸಸಿಗೆ ಮತ್ತು ಹೂಬಿಡುವ ಪೈರಿಗೆ ಈ ಪೆಟ್ಟು ಜಾಸ್ತಿ.

ಇದನ್ನು ತಾಳುವ ಭತ್ತವೂ ಇದೆ. ಕುಮಟಾದ ಅಘನಾಶಿನಿ ತೀರದ ಗಜನಿ ಗದ್ದೆಗಳಲ್ಲಿ ಕಗ್ಗ, ಕೇರಳದ ಕರಾವಳಿಯಲ್ಲಿ ಪೊಕ್ಕಾಳಿ ಚೌಳು ನೀರಿನಲ್ಲೇ ತೆನೆಗಟ್ಟುತ್ತವೆ. ಭತ್ತದ ಬೇರಿನೊಳಗೆ ನೀರ್ಗೊಳವೆಯ ಸುತ್ತಲಿನ ಕೋಶಗಳ ಪೊರೆಯಲ್ಲಿ ಎಚ್‌ಕೆಟಿ1;5 ಎಂಬ ಪ್ರೊಟೀನ್ ಇದೆ. ಮೇಲೇರುತ್ತಿರುವ ನೀರಿನಿಂದ ಸೋಡಿಯಂ ಅನ್ನು ಹಿಂದಕ್ಕೆಳೆದು ಎಲೆಯನ್ನು ಕಾಯುವುದು ಅದರ ಕೆಲಸ. ಇದು ಚುರುಕಾಗಿರುವ ತಳಿಗೆ ಸವಳು ತಾಳುವ ಶಕ್ತಿ ಹೆಚ್ಚು.

ಸಿದ್ದಾಪುರದ ರೈತಬಾಂಧವರೇ, ಸಸಿ ಒಣಗಿತೆಂದು ಇನ್ನಷ್ಟು ನೀರು ನಿಲ್ಲಿಸಬೇಡಿ. ನಿಂತ ನೀರು ಉಪ್ಪನ್ನು ತೊಳೆಯುವುದಿಲ್ಲ, ಹರಿದು ಹೊರಹೋಗುವ ನೀರು ತೊಳೆಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ. ಕ್ಷಾರ ಹೆಚ್ಚಿದ್ದರೆ ಜಿಪ್ಸಂ ಬೇಕು. ಬರೀ ಉಪ್ಪಿದ್ದರೆ ಜಿಪ್ಸಂಗೆ ಸುರಿದ ದುಡ್ಡು ವ್ಯರ್ಥ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆಯೇ ಕೆಲಸ ಮಾಡುತ್ತಿದೆ; ತಳಿ, ಉಪಚಾರ ಎರಡನ್ನೂ ಅಲ್ಲಿ ವಿಚಾರಿಸಿ. ಎರಡೂ ಬಗೆಯ ನೆಲಕ್ಕೆ ಬಸಿಗಾಲುವೆ ಮಾತ್ರ ಬೇಕೇಬೇಕು, ಮತ್ತು ಅದು ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಕೂಡಿ ತೋಡಬೇಕು.