ಗ್ಲೋಬ್‌ನಲ್ಲಿ ನಿಂತು ನೋಡಿದ ನಾಟಕ

ಲಂಡನ್ನಿನಲ್ಲಿ ನಾಟಕ ಕಲಿಯುತ್ತಿರುವ ನಾವು ಒಂದು ರಜಾದಿನ ಥೇಮ್ಸ್ ದಂಡೆಯ ಗ್ಲೋಬ್ ರಂಗಮಂದಿರಕ್ಕೆ ಹೋಗಿದ್ವಿ. 1599ರ ಮೂಲ ಗ್ಲೋಬ್ 1613ರಲ್ಲಿ ನಾಟಕ ನಡೆಯುವಾಗಲೇ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ ಸುಟ್ಟುಹೋಯಿತು. ಅದರ ಮಾದರಿಯಲ್ಲೇ ಕಟ್ಟಿದ ಈಗಿನದು ತೆರೆದದ್ದು 1997ರಲ್ಲಿ.

ರಂಗದ ಮುಂದಿನ ಅಂಗಳಕ್ಕೆ ಸೂರಿಲ್ಲ. ಅಲ್ಲಿ ಟಿಕೆಟ್ ಅಗ್ಗ, ಆದರೆ ನಿಂತೇ ನೋಡಬೇಕು. ಮಳೆ ಬಂದರೂ ಕೊಡೆ ಬಿಚ್ಚುವಂತಿಲ್ಲ, ಹಿಂದಿನವರಿಗೂ ಕಾಣಬೇಕಲ್ಲ! ರೇನ್‌ಕೋಟ್ ಮರೀಬೇಡಿ. ನಾವು ಮರೆತು ಚೆನ್ನಾಗಿ ನೆನೆದ್ವಿ.

ಆದರೂ ಹೊರಡಲು ಮನಸ್ಸಾಗಲಿಲ್ಲ. ನಮ್ಮೂರ ಬಯಲಾಟದ ಹಾಗೆ ಇಲ್ಲೂ ಪ್ರೇಕ್ಷಕರು ಕತ್ತಲಲ್ಲಿರೋದಿಲ್ಲ. ನಟರು ನಮ್ಮ ಕಣ್ಣು ನೋಡಿಯೇ ಮಾತಾಡ್ತಾರೆ. ನಮ್ಮ ಇಂಗ್ಲಿಷ್ ಉಚ್ಚಾರಕ್ಕೆ ನಾಚಿ, ಕ್ಲಾಸಿನಲ್ಲಿ ಗೋಡೆ ನೋಡಿಕೊಂಡು ಸಂಭಾಷಣೆ ಒಪ್ಪಿಸುತ್ತಿದ್ದವರು ನಾವು. ಸೋಮವಾರ ಎದುರಿಗಿದ್ದವರನ್ನು ನೋಡಿಯೇ ಮಾತಾಡಿದ್ವಿ.