214 ಕೋಟಿ ದಾಟಿದ ಅವಿಭಾಜ್ಯ

ಪ್ರಶ್ನೆ: 2147483647 ಎಂಬ ಸಂಖ್ಯೆಯಲ್ಲಿ ಅಂಥ ವಿಶೇಷವೇನಿದೆ?

ಉತ್ತರ: 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದು ಕಳೆದರೆ ಸಿಗುವುದು ಇದೇ. 32 ಬಿಟ್‌ಗಳಲ್ಲಿ ಒಂದು ಧನ-ಋಣ ಚಿಹ್ನೆಗೆ ಹೋದರೆ, ಉಳಿದ 31ರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯೂ ಇದೇ. ಕಂಪ್ಯೂಟರಿನವರಿಗೆ ಅದಕ್ಕೇ ಚಿರಪರಿಚಿತ. ನನ್ನನ್ನು ಕೇಳಿದರೆ ನಿಜವಾದ ಸ್ವಾರಸ್ಯ ಬೇರೆ: ಇದು ಅವಿಭಾಜ್ಯ. 1772ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸಿದಾಗ ಅವರಿಗೆ ಹೆಚ್ಚುಕಡಿಮೆ ಕಣ್ಣೇ ಕಾಣುತ್ತಿರಲಿಲ್ಲ! ಇದರ ವರ್ಗಮೂಲದವರೆಗಿನ, ಅಂದರೆ 46,340ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸುವ ಗೋಜಿಗೆ ಅವರು ಹೋಗಲಿಲ್ಲ. ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯಲೇಬೇಕೆಂದು ಕಂಡುಕೊಂಡು, ಅಂಥವನ್ನಷ್ಟೇ ನೋಡಿದರು. ಹೀಗೆ 2ರ ಒಂದು ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಘಾತಾಂಕ 31 ಕೂಡ ಅದೇ ಜಾತಿಯದು. 2147483647 ಅನ್ನು 2ರ 30ನೇ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಮತ್ತೆ ತಾನೇ.