ರಸಾಯನಶಾಸ್ತ್ರ ಬಂದರೆ ಸಾಲದೆ?

ಪ್ರಶ್ನೆ: ತೆಲಂಗಾಣ ಗಡಿಯ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಮಕ್ಕಳು ಕೆಮಿಕಲ್ ಎಂಜಿನಿಯರಿಂಗ್ ಎಂದರೆ ಹಿಂಜರಿಯುತ್ತಾರೆ. ಅದು ಅಷ್ಟು ಕಷ್ಟವೇ?

ಉತ್ತರ: ಕಷ್ಟವೇ. ಆದರೆ ಆ ಕಷ್ಟ ರಸಾಯನಶಾಸ್ತ್ರದ್ದಲ್ಲ, ಗಣಿತ ಮತ್ತು ಭೌತಶಾಸ್ತ್ರದ್ದು. ನಾರಾಯಣಪೇಟೆ ಸೀರೆಯ ನೂಲಿಗೆ ಬಣ್ಣ ಹಾಕುವ ಹಂಡೆಯನ್ನೇ ನೋಡಿ. ಬಣ್ಣ ನೂಲಿಗೆ ಕಚ್ಚುವುದು ರಸಾಯನಶಾಸ್ತ್ರ. ಹಂಡೆಯ ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ನೀರು 8 ಪಟ್ಟಾಗುತ್ತದೆ, ಶಾಖ ದಾಟುವ ಮೈ ಮಾತ್ರ 4 ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ಮೈ ಅರ್ಧಕ್ಕೆ ಇಳಿಯಿತು. ನೀರು ತಡವಾಗಿ ಕಾಯುತ್ತದೆ, ಬಣ್ಣ ಒಂದೇ ಸಮನೆ ಹರಡುವುದು ಕಷ್ಟವಾಗುತ್ತದೆ. ತಾನೇ ಬಿಸಿಯಾಗುವ ರಾಸಾಯನಿಕ ಕ್ರಿಯೆಯಲ್ಲಂತೂ ಇದು ಅಪಾಯದ ಮಾತು: ಬೀಕರಿನಲ್ಲಿ ಸುಮ್ಮನಿದ್ದದ್ದು ದೊಡ್ಡ ರಿಯಾಕ್ಟರಿನಲ್ಲಿ ಕೈಮೀರಬಹುದು. ಹರಿವು, ಶಾಖ, ದ್ರವ್ಯದ ಚಲನೆ ಈ ಮೂರನ್ನೂ ಒಂದೇ ಬಗೆಯ ಸಮೀಕರಣಗಳಲ್ಲಿ ಕಟ್ಟಿದ್ದು 1960ರಲ್ಲಿ ಬರ್ಡ್, ಸ್ಟೀವರ್ಟ್, ಲೈಟ್‌ಫುಟ್ ಬರೆದ ಪಠ್ಯ. ರಸಾಯನಶಾಸ್ತ್ರದ ಅಂಕ ನಂಬಿ ಬಂದವರು ಎಡವುವುದು ಇಲ್ಲಿ.

ಗಡಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು ಇಂಗ್ಲಿಷ್ ಅಲ್ಲವೇ ಎಂದು ಕೇಳಬಹುದು. ಮೊದಲ ವರ್ಷ ಅದು ಖಂಡಿತ ಕಾಡುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಅವಕಲ ಸಮೀಕರಣದ ಮುಂದೆ ಇಂಗ್ಲಿಷ್ ಮಾಧ್ಯಮದವರೂ ತಡವರಿಸುತ್ತಾರೆ. ಭಾಷೆಯೊಂದೇ ಕಾರಣವಾಗಿದ್ದರೆ ಹಾಗಾಗುತ್ತಿರಲಿಲ್ಲ. ಹಾಗಾಗಿ ಇಂಟರ್‌ಮೀಡಿಯೆಟ್‌ನಲ್ಲಿ ಕಲನಶಾಸ್ತ್ರವನ್ನು ಅರ್ಥಮಾಡಿಕೊಂಡೇ ಕಲಿಯಲಿ, ಬಾಯಿಪಾಠ ಬೇಡ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ವಾರಂಗಲ್ ಎನ್‌ಐಟಿಯಲ್ಲೂ ಕೆಮಿಕಲ್ ಎಂಜಿನಿಯರಿಂಗ್ ವಿಭಾಗವಿದೆ. ಊರು ಚಿಕ್ಕದು, ಮಾಧ್ಯಮ ಕನ್ನಡ ಎಂಬ ಕಾರಣಕ್ಕೆ ಯಾರೂ ಅದನ್ನು ಬಿಡಬೇಕಿಲ್ಲ.